ತಾಲ್ಲೂಕನ್ನು ಕೆಟ್ಟ ವರ್ಷದಲ್ಲಿ ಅಳೆಯಿರಿ: ಸ್ವಾವಲಂಬಿ ಬದುಕಿಗೆ ನೆಲೆ ಹುಡುಕುವವರಿಗೆ ಮಾರ್ಗದರ್ಶಿ

ಪೇಟೆ ಬಿಟ್ಟು ಹಳ್ಳಿ ಸೇರಬೇಕು, ಉಣ್ಣುವುದನ್ನು ತಾವೇ ಬೆಳೆಯಬೇಕು, ಕರೆಂಟು ಹೋದರೂ ಅಂಗಡಿ ಮುಚ್ಚಿದರೂ ಮನೆ ನಡೆಯಬೇಕು ಅಂದುಕೊಂಡವರು ಸಾಮಾನ್ಯವಾಗಿ ಜಮೀನು ನೋಡುವುದರಿಂದ ಶುರು ಮಾಡುತ್ತಾರೆ. ಅದಕ್ಕೂ ಮೊದಲು ತಾಲ್ಲೂಕನ್ನು ನೋಡಬೇಕು. ಜಮೀನಿನ ಕೊರತೆಯನ್ನು ಗೊಬ್ಬರ, ಬದು, ಬೇಲಿ ಹಾಕಿ ತುಂಬಿಸಿಕೊಳ್ಳಬಹುದು. ತಾಲ್ಲೂಕಿನ ಮಳೆ, ಅಂತರ್ಜಲ, ಆನೆ ದಾರಿ, ಆಸ್ಪತ್ರೆಗಿರುವ ದೂರ ಇವು ಯಾವುವೂ ನಮ್ಮ ಕೈಯಲ್ಲಿಲ್ಲ.

ಇನ್ನೊಂದು ತಪ್ಪು ಋತುವಿನದು. ದಸರಾ ದೀಪಾವಳಿ ಹೊತ್ತಿಗೆ ನೋಡಲು ಹೋದರೆ ಪಾವಗಡವೂ ಹಸಿರಾಗಿಯೇ ಕಾಣುತ್ತದೆ. ಮಾರುವವರು ಆಗಲೇ ಕರೆಯುತ್ತಾರೆ. ನೀವು ಏಪ್ರಿಲ್ ಕೊನೆಯ ವಾರದಲ್ಲಿ ಒಮ್ಮೆ, ಜುಲೈ ನಡುವಿನಲ್ಲಿ ಒಮ್ಮೆ ಹೋಗಿ. ಬೇಸಿಗೆಯಲ್ಲಿ ನೀರಿನ ನಿಜ ತಿಳಿಯುತ್ತದೆ, ಮಳೆಗಾಲದಲ್ಲಿ ದಾರಿಯ ನಿಜ.

ಮೊದಲ ಜರಡಿ: ಮಳೆಯ ಲೆಕ್ಕ

ಹತ್ತು ವಿಷಯಕ್ಕೆ ಅಂಕ ಕೊಟ್ಟು ಕೂಡಿಸುವ ಪದ್ಧತಿಯನ್ನು ಬಿಟ್ಟುಬಿಡಿ. ರಸ್ತೆಗೆ ಹತ್ತಕ್ಕೆ ಒಂಬತ್ತು ಬಂದ ಮಾತ್ರಕ್ಕೆ ಕುಡಿಯುವ ನೀರಿನ ಎರಡು ಅಂಕ ಸರಿಹೋಗುವುದಿಲ್ಲ. ಜರಡಿ ಹಿಡಿದ ಹಾಗೆ ಒಂದೊಂದಾಗಿ ಸೋಸುತ್ತಾ ಬನ್ನಿ. ಒಂದು ಜರಡಿಯಲ್ಲಿ ಬಿದ್ದ ಊರನ್ನು ಮತ್ತೆ ಎತ್ತಿಕೊಳ್ಳಬೇಡಿ.

ಸರಾಸರಿ ಮಳೆಯ ಅಂಕಿಯಿಂದ ಹೆಚ್ಚು ಉಪಯೋಗವಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ. ಅಂಕಿಅಂಶ ಇಲಾಖೆಯ ‘ಜಿಲ್ಲಾ ಅಂಕಿ ಅಂಶಗಳ ನೋಟ’ದಲ್ಲಿ ತಾಲ್ಲೂಕುವಾರು ಮಳೆ ಸಿಗುತ್ತದೆ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲೂ ವಿಚಾರಿಸಿ. ಕಡೇಪಕ್ಷ 15 ವರ್ಷಗಳ ಅಂಕಿಯನ್ನು ತಿಂಗಳುವಾರು ಬರೆದುಕೊಳ್ಳಿ. ಅದರಲ್ಲಿ ಅತಿ ಕಡಿಮೆ ಮಳೆಯ ಎರಡು ವರ್ಷಗಳಿಗೆ ಗೆರೆ ಎಳೆಯಿರಿ. ಮುಂದಿನ ಎಲ್ಲ ಲೆಕ್ಕವೂ ಆ ಎರಡು ವರ್ಷಗಳದ್ದು. ಜೊತೆಗೆ ಮಳೆಯ ದಿನಗಳನ್ನೂ ಎಣಿಸಿ. 2.5 ಮಿ.ಮೀ. ಮತ್ತು ಅದಕ್ಕಿಂತ ಹೆಚ್ಚು ಬಿದ್ದ ದಿನವನ್ನು ಮಳೆ ದಿನ ಎನ್ನುತ್ತಾರೆ. 600 ಮಿ.ಮೀ. ಮಳೆ 45 ದಿನಗಳಲ್ಲಿ ಹರಡಿ ಬಂದರೆ ಬೆಳೆ. ಅದೇ ಮಳೆ 20 ದಿನಗಳಲ್ಲಿ ಸುರಿದರೆ ಕೊಚ್ಚಿಹೋದ ಮಣ್ಣು.

ಅಂಕಿ ಸಿಕ್ಕ ಮೇಲೆ ಊರಿನ ಹಿರಿಯರ ಹತ್ತಿರ ಕೂತುಕೊಳ್ಳಿ. ಅವರಿಗೆ ಮಿಲಿಮೀಟರಿನ ಲೆಕ್ಕ ಬೇಡ, ನಕ್ಷತ್ರದ ಲೆಕ್ಕದಲ್ಲಿ ಕೇಳಿ. “ಹೋದ ಐದು ವರ್ಷದಲ್ಲಿ ಉತ್ತರೆ ಎಷ್ಟು ಸಲ ಕೈಕೊಟ್ಟಿತು? ಹಸ್ತ ಬಂತಾ?” ಜುಲೈನಲ್ಲಿ ಬಿತ್ತಿದ ರಾಗಿ ತೆನೆ ಕಟ್ಟುವ ಹೊತ್ತಿಗೆ ಬರುವ ಮಳೆಗಳು ಇವು. ಇವು ತಪ್ಪಿದರೆ ಪೈರು ನಿಂತಿದ್ದರೂ ಕಾಳು ಜೊಳ್ಳು. ಕೊನೆಗೆ ಎರಡು ಪ್ರಶ್ನೆ ಬಾಕಿ. “ಕೆರೆ ಕೋಡಿ ಬಿದ್ದದ್ದು ಯಾವಾಗ?” “2024ರ ಬೇಸಿಗೆಯಲ್ಲಿ ಊರಿಗೆ ಟ್ಯಾಂಕರ್ ಬಂದಿತ್ತಾ?” 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾದವು. ಆದ್ದರಿಂದ ಬರವೇ ಬಾರದ ತಾಲ್ಲೂಕು ಹುಡುಕಿ ಪ್ರಯೋಜನವಿಲ್ಲ. ಆ ಬರವನ್ನು ಟ್ಯಾಂಕರ್ ಇಲ್ಲದೆ ದಾಟಿದ ಊರನ್ನು ಹುಡುಕಬೇಕು. ಒಂದೇ ಹೋಬಳಿಯಲ್ಲಿ ಅಂಥ ಊರೂ ಇರುತ್ತದೆ, ಮೂರು ಕಿಲೋಮೀಟರ್ ಆಚೆ ದಿನಕ್ಕೆರಡು ಟ್ಯಾಂಕರ್ ಕಂಡ ಊರೂ ಇರುತ್ತದೆ.

ಅಂತರ್ಜಲ: ಡ್ರಮ್ಮು, ಗಡಿಯಾರ, ಒಂದು ಹಗಲು

ಕೇಂದ್ರ ಅಂತರ್ಜಲ ಮಂಡಳಿ ತಾಲ್ಲೂಕುಗಳನ್ನು ನಾಲ್ಕು ವರ್ಗ ಮಾಡಿದೆ. ವರ್ಷಕ್ಕೆ ತೆಗೆಯಬಹುದಾದ ನೀರಿನಲ್ಲಿ ಶೇ 70ರವರೆಗೆ ತೆಗೆದರೆ ಸುರಕ್ಷಿತ, 70–90 ಅರೆ ಗಂಭೀರ, 90–100 ಗಂಭೀರ, 100 ದಾಟಿದರೆ ಅತಿಬಳಕೆ. ಅತಿಬಳಕೆ ಎಂದರೆ ನೆಲದೊಳಗಿನ ಹಳೆಯ ಉಳಿತಾಯವನ್ನು ಕರಗಿಸುತ್ತಿದ್ದಾರೆ ಎಂದೇ ಅರ್ಥ. ಅಧಿಸೂಚಿತ ತಾಲ್ಲೂಕುಗಳಲ್ಲಿ 2011ರ ಅಂತರ್ಜಲ ಕಾಯ್ದೆಯ ಪ್ರಕಾರ ಹೊಸ ಕೊಳವೆಬಾವಿಗೆ ಅನುಮತಿ ಬೇಕು. ಅನುಮತಿ ಸಿಗುತ್ತದೆಂಬ ನಂಬಿಕೆಯ ಮೇಲೆ ಒಣ ಜಮೀನು ಕೊಳ್ಳಬೇಡಿ.

ಈಗಾಗಲೇ ಕೊಳವೆಬಾವಿ ಇರುವ ಜಮೀನಿನಲ್ಲಿ “ಎರಡು ಇಂಚು ನೀರಿದೆ” ಎಂಬ ಮಾತು ಕೇಳುತ್ತೀರಿ. ಈ ಇಂಚು ಪೈಪಿನ ಅಗಲವಲ್ಲ, ವಿ ಆಕಾರದಲ್ಲಿ ಕತ್ತರಿಸಿದ ತಗಡಿನ (ವಿ-ನಾಚ್) ಮೇಲೆ ಹರಿಯುವ ನೀರಿನ ಎತ್ತರ. 90 ಡಿಗ್ರಿ ವಿ-ನಾಚ್ ತಗಡಿನ ಲೆಕ್ಕದಲ್ಲಿ ಒಂದು ಇಂಚು ಎಂದರೆ ಗಂಟೆಗೆ ಸುಮಾರು 500 ಲೀಟರ್, ಎರಡು ಇಂಚು 2,900, ಮೂರು ಇಂಚು 8,000 ಲೀಟರ್. ಇಂಚು ಎರಡರಷ್ಟಾದರೆ ನೀರು ಐದೂವರೆ ಪಟ್ಟಿಗೂ ಹೆಚ್ಚಾಗುತ್ತದೆ. ಹಾಗೆಯೇ ಎರಡು ಇಂಚು ಒಂದಕ್ಕೆ ಇಳಿದರೆ ಉಳಿಯುವುದು ಆರನೇ ಒಂದು ಪಾಲು. ಬಾಯಿಮಾತಿನ ಇಂಚನ್ನು ನಂಬದೆ ಹೀಗೆ ಪರೀಕ್ಷಿಸಿ:

1. ಏಪ್ರಿಲ್–ಮೇ ತಿಂಗಳಲ್ಲಿ, ಹಿಂದಿನ ದಿನವೂ ಮೋಟಾರ್ ಓಡಿದೆ ಎಂದು ಪಕ್ಕದ ಹೊಲದವರಿಂದ ಖಾತ್ರಿ ಮಾಡಿಕೊಂಡು ಹೋಗಿ. ಎರಡು ದಿನ ಸುಮ್ಮನಿದ್ದ ಬಾವಿಯಲ್ಲಿ ನೀರು ಮೇಲೆ ನಿಂತಿರುತ್ತದೆ, ಮೊದಲ ಗಂಟೆ ಭರ್ಜರಿಯಾಗಿ ಬರುತ್ತದೆ.
2. 200 ಲೀಟರಿನ ಡ್ರಮ್ಮು ತುಂಬಲು ಎಷ್ಟು ಹೊತ್ತು ಹಿಡಿಯಿತೆಂದು ಮೋಟಾರ್ ಹಾಕಿದ 15 ನಿಮಿಷಕ್ಕೆ, ಒಂದು ಗಂಟೆಗೆ, ನಾಲ್ಕು ಗಂಟೆಗೆ, ಆರು ಗಂಟೆಗೆ ಬರೆದುಕೊಳ್ಳಿ. 4 ನಿಮಿಷ ಹಿಡಿದರೆ ಗಂಟೆಗೆ 3,000 ಲೀಟರ್, 10 ನಿಮಿಷ ಹಿಡಿದರೆ 1,200.
3. ಆರನೇ ಗಂಟೆಯ ಅಳತೆಯೇ ನಿಮ್ಮದು. ಉಳಿದವು ಮಾರುವವರದು.
4. ನೀರು ಬಿಟ್ಟುಬಿಟ್ಟು ಬಂದರೆ, ಗಾಳಿ ಉಗುಳಿದರೆ, ಕೆಂಪಾಗಿ ಮರಳು ತಂದರೆ ಅಲ್ಲಿಗೇ ನಿಲ್ಲಿಸಿ.
5. ಸುತ್ತಲಿನ ಹತ್ತು ಕೊಳವೆಬಾವಿಗಳ ಆಳ, ಕೊರೆದ ವರ್ಷ, ಈಗಿನ ಸ್ಥಿತಿ ಬರೆದುಕೊಳ್ಳಿ. ಹತ್ತು ವರ್ಷದ ಹಿಂದೆ 300 ಅಡಿಗೆ ಸಿಕ್ಕ ನೀರು ಈಗ 900 ಅಡಿಗೆ ಹೋಗಿದ್ದರೆ ಮುಂದಿನದನ್ನು ಯಾರೂ ಹೇಳಬೇಕಿಲ್ಲ.

ಈ ಎಣಿಕೆಯ ನಡುವೆ ಬಾಯಿ ಮುಚ್ಚದ ಬತ್ತಿದ ಬಾವಿ ಕಂಡರೆ, ಜಮೀನು ಕೊಳ್ಳುತ್ತೀರೋ ಬಿಡುತ್ತೀರೋ, ಕಬ್ಬಿಣದ ಮುಚ್ಚಳ ಹಾಕಿಸದೆ ಬರಬೇಡಿ. ಮಕ್ಕಳು ಬಿದ್ದಿರುವುದು ಇಂಥವುಗಳಲ್ಲೇ.

ಇನ್ನು ನೀರಿನ ಗುಣ. ಪಾವಗಡ, ಶಿರಾ, ಮುಂಡರಗಿ, ಕೋಲಾರ ಸೀಮೆಯ ಅನೇಕ ಊರುಗಳ ಆಳದ ನೀರಿನಲ್ಲಿ ಫ್ಲೋರೈಡ್ ಇದೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ. ನೈಟ್ರೇಟ್ 45 ಮೀರಬಾರದು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಇನ್ನೂ ಗಟ್ಟಿಯಾಗುತ್ತದೆ. ಲ್ಯಾಬಿಗೆ ಕೊಡುವ ಮೊದಲು ಊರ ಶಾಲೆಯ ಮಕ್ಕಳ ಹಲ್ಲು ನೋಡಿ. ಹಲ್ಲಿನ ಮೇಲೆ ಕಂದು ಪಟ್ಟೆಗಳಿದ್ದರೆ ಆ ನೀರು ಕುಡಿಯಲು ಬೇಡ.

ಆದರೆ ಫ್ಲೋರೈಡ್ ಒಂದೇ ಕಾರಣಕ್ಕೆ ತಾಲ್ಲೂಕನ್ನು ಬಿಡಬೇಕಿಲ್ಲ, ಮಳೆನೀರಿನಲ್ಲಿ ಅದು ಇರುವುದಿಲ್ಲ. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. 100 ಚದರ ಮೀಟರ್ ಚಾವಣಿ, 300 ಮಿ.ಮೀ.ನ ಕೆಟ್ಟ ವರ್ಷ, ಸೋರಿಕೆ ಕಳೆದು ಶೇ 80 ಹಿಡಿದರೂ 24,000 ಲೀಟರ್. ನಾಲ್ಕು ಜನಕ್ಕೆ ಕುಡಿಯಲು, ಅಡುಗೆಗೆ ದಿನಕ್ಕೆ 30 ಲೀಟರಿನಂತೆ ವರ್ಷಕ್ಕೆ 11,000 ಲೀಟರ್ ಸಾಕು. ನವೆಂಬರಿನಿಂದ ಮೇವರೆಗಿನ ಏಳು ಒಣ ತಿಂಗಳಿಗೆ 6,300 ಲೀಟರ್ ಬೇಕು. ಆದ್ದರಿಂದ 8,000 ಲೀಟರಿನ ಮುಚ್ಚಿದ ತೊಟ್ಟಿ ಕಟ್ಟಿಸಿದರೆ ಪಾವಗಡದಲ್ಲೂ ಕುಡಿಯುವ ನೀರು ಮನೆಯದೇ. ವರ್ಷದ ಮೊದಲ ಎರಡು ಮಳೆಯನ್ನು ಹೊರಗೆ ಬಿಡಿ. ತೊಟ್ಟಿಗೆ ಬೆಳಕು ಹೋಗದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಪಾಚಿ ಕಟ್ಟುತ್ತದೆ.

ಬೆಳೆಗೆ ಬೇಕಾದ ನೀರಿನ ಲೆಕ್ಕ ಬೇರೆಯೇ. ಒಂದು ಎಕರೆಗೆ ಒಂದು ಇಂಚು ನೀರು ನಿಲ್ಲಿಸಲು ಒಂದು ಲಕ್ಷ ಲೀಟರ್ ಬೇಕು. 15×15 ಮೀಟರ್ ಅಗಲ, 3 ಮೀಟರ್ ಆಳದ ಕೃಷಿ ಹೊಂಡವನ್ನು ಇಳಿಜಾರು ದಡ ಬಿಟ್ಟು ತೋಡಿದರೆ ಸುಮಾರು 4.4 ಲಕ್ಷ ಲೀಟರ್ ಹಿಡಿಯುತ್ತದೆ. ಅಂದರೆ ಒಂದು ಎಕರೆಗೆ ಎರಡೆರಡು ಇಂಚಿನ ಎರಡು ಜೀವದಾನದ ನೀರು. ಇದನ್ನು ರಾಗಿಯ ತೆನೆ ಕಟ್ಟುವ ಹೊತ್ತಿಗೆ ಕಾದಿಡಬೇಕು. ಬೇಸಿಗೆ ತರಕಾರಿಗೆಂದು ಉಳಿಸಿದರೆ ಬಿಸಿಲೇ ದಿನಕ್ಕೆ 5–7 ಮಿ.ಮೀ. ಕುಡಿದುಹಾಕುತ್ತದೆ, ಐದು ತಿಂಗಳಲ್ಲಿ ಮೂರಡಿ ಇಳಿಯುತ್ತದೆ. ಶಿರಾ, ಮಧುಗಿರಿ ಕಡೆ ತಲಪರಿಗೆ ಜೀವಂತ ಇರುವ ಊರು ಸಿಕ್ಕರೆ ಅದಕ್ಕೆ ಪಟ್ಟಿಯಲ್ಲಿ ಮೊದಲ ಸ್ಥಾನ ಕೊಡಿ. ಬೇಸಿಗೆಯಲ್ಲೂ ನೆಲದಿಂದ ತಾನಾಗಿ ಜಿನುಗುವ ನೀರು ಅಲ್ಲಿಯ ಕೆರೆ, ಕಾಡು, ಜನ ಮೂರೂ ಸರಿಯಿರುವ ಗುರುತು.

ಮಲೆನಾಡಿಗೆ ಬೇರೆ ಪ್ರಶ್ನೆಪತ್ರಿಕೆ

ನೀರಿದೆ ಎಂದು ತೀರ್ಥಹಳ್ಳಿ, ಸಕಲೇಶಪುರ, ಸೋಮವಾರಪೇಟೆ ಕಡೆ ಹೋಗುವವರು ಇಳಿಜಾರನ್ನು ಮರೆಯುತ್ತಾರೆ. 2018ರಲ್ಲಿ ಕೊಡಗಿನಲ್ಲಿ, 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದದ್ದನ್ನು ನೆನಪಿಡಿ. ಮನೆ ಕಟ್ಟುವ ಜಾಗದ ಹಿಂದೆ ರಸ್ತೆಗೋ ಸೈಟಿಗೋ ಗುಡ್ಡ ಕಡಿದಿದ್ದಾರಾ, ಮರಗಳ ಬುಡ ಬಾಗಿದೆಯಾ, ಬೇಸಿಗೆಯಲ್ಲಿ ಇಲ್ಲದ ಒರತೆ ಜುಲೈನಲ್ಲಿ ಹೊಸದಾಗಿ ಎದ್ದಿದೆಯಾ, ನೆಲದಲ್ಲಿ ಬಿಲ್ಲಿನಾಕಾರದ ಬಿರುಕು ಬಿಟ್ಟಿದೆಯಾ ನೋಡಿ. ಇವುಗಳಲ್ಲಿ ಎರಡು ಕಂಡರೂ ಆ ಜಾಗದಲ್ಲಿ ಮನೆ ಬೇಡ.

ಆನೆಯ ವಿಷಯದಲ್ಲಿ ಆಲೂರು, ಸಕಲೇಶಪುರ, ವಿರಾಜಪೇಟೆ, ಎಚ್.ಡಿ. ಕೋಟೆ ಕಡೆಯವರನ್ನು “ಆನೆ ಬರುತ್ತಾ?” ಎಂದು ಕೇಳಿದರೆ ಉತ್ತರ ಪೂರ್ತಿ ಸಿಗುವುದಿಲ್ಲ. “ಈ ಊರಲ್ಲಿ ಯಾವ ಬೆಳೆ ಬಿಟ್ಟಿರಿ?” ಎಂದು ಕೇಳಿ. ಬಾಳೆ, ಭತ್ತ ಬಿಟ್ಟಿದ್ದರೆ ಆನೆ. ಜೋಳ, ಗೆಣಸು ಬಿಟ್ಟಿದ್ದರೆ ಹಂದಿ. ತರಕಾರಿ, ಸೀಬೆ, ಕಡೆಗೆ ತೆಂಗಿನ ಎಳನೀರೂ ಕೈಗೆ ಬರುವುದಿಲ್ಲ ಎಂದರೆ ಮಂಗ. ಕಾಫಿ ಅಡಿಕೆ ಮಾರಿ ಅಕ್ಕಿ ಕೊಳ್ಳುವವರಿಗೆ ಇದು ನಷ್ಟದ ಮಾತು, ಬೆಳೆದು ಉಣ್ಣಬೇಕೆನ್ನುವವರಿಗೆ ಉಪವಾಸದ ಮಾತು.

ಮಂಗನ ಕಾಯಿಲೆಯನ್ನೂ ಕೇಳಿಕೊಳ್ಳಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಾದ ಈ ರೋಗ ಉಣ್ಣೆ ಹುಳದಿಂದ (ಉಣುಗು) ಹರಡುತ್ತದೆ. ಡಿಸೆಂಬರಿನಿಂದ ಮೇವರೆಗೆ ಇದರ ಕಾಲ. ತೀರ್ಥಹಳ್ಳಿ, ಹೊಸನಗರ, ಸಾಗರ, ಸಿದ್ದಾಪುರದ ಕಡೆ ದರಗು (ಒಣ ಎಲೆ) ತರಲು ಕಾಡಿಗೆ ಹೋಗುವ ಮೊದಲು, ಈ ಹುಳ ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ತೈಲ ಹಚ್ಚಿಕೊಳ್ಳಬೇಕು. ಮಂಗ ಸತ್ತದ್ದು ಕಂಡರೆ ಆ ದಾರಿ ಬಿಟ್ಟು ಆಶಾ ಕಾರ್ಯಕರ್ತೆಗೆ ತಿಳಿಸಬೇಕು.

ಬಯಲುಸೀಮೆ, ಮಲೆನಾಡು ಎರಡರ ನಡುವಿನ ಅರೆಮಲೆನಾಡು, ಅಂದರೆ ಹಾನಗಲ್, ಶಿಕಾರಿಪುರ, ತರೀಕೆರೆ, ಅರಕಲಗೂಡು, ಹುಣಸೂರಿನಂಥ ತಾಲ್ಲೂಕುಗಳು ಈ ಬದುಕಿಗೆ ಹೆಚ್ಚು ಹೊಂದುತ್ತವೆ ಎಂಬುದು ನಮ್ಮ ಖಚಿತ ಅಭಿಪ್ರಾಯ. ಅಲ್ಲಿ ಭತ್ತ, ರಾಗಿ ಅಥವಾ ಜೋಳ, ಬೇಳೆಕಾಳು, ಎಣ್ಣೆಕಾಳು ಎಲ್ಲವೂ ಒಂದೇ ಹೋಬಳಿಯಲ್ಲಿ ಬೆಳೆಯುತ್ತವೆ. ಒಂದು ಕೈಕೊಟ್ಟರೆ ಇನ್ನೊಂದು ಮನೆ ನಡೆಸುತ್ತದೆ. ಕಾಡಂಚಿನ ಊರುಗಳನ್ನು ಮಾತ್ರ ಮೇಲಿನ ಪ್ರಶ್ನೆಗಳಿಂದ ಸೋಸಿಕೊಳ್ಳಿ.

ಮಣ್ಣು, ಮತ್ತು ನಾಲ್ಕು ಜನದ ಊಟ

ಜಮೀನಿನ ಮೂರು ಕಡೆ ಮೂರಡಿ ಗುಂಡಿ ತೆಗೆಸಿ. ಒಂದಡಿಗೇ ಗರಸು ಅಥವಾ ಜಂಬಿಟ್ಟಿಗೆ ಸಿಕ್ಕರೆ ತೆಂಗು, ಮಾವು ಹಿಡಿಯುವುದು ಕಷ್ಟ. ಗುಂಡಿಗೆ ನಾಲ್ಕು ಕೊಡ ನೀರು ಸುರಿದು ಬೆಳಿಗ್ಗೆ ನೋಡಿ. ನೀರು ಹಾಗೇ ನಿಂತಿದ್ದರೆ ಮಳೆಗಾಲದಲ್ಲಿ ಬೇರು ಕೊಳೆಯುತ್ತದೆ. ಎರೆ ಭೂಮಿಯಲ್ಲಿ ಹಿಂಗಾರಿ ಜೋಳ, ಕಡಲೆ ಚೆನ್ನಾಗಿ ಬರುತ್ತವೆ. ಆದರೆ ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬುವ ಆ ಮಣ್ಣಿನ ಮೇಲೆ ಸಾಧಾರಣ ಪಾಯ ಹಾಕಿದ ಗೋಡೆ ಸೀಳುತ್ತದೆ. ಮಣ್ಣಿನ ಪರೀಕ್ಷೆಗೆ ಎಂಟು ಹತ್ತು ಕಡೆಯಿಂದ ಆರು ಇಂಚು ಆಳದ ಮಣ್ಣು ತೆಗೆದು, ಬೆರೆಸಿ, ಅರ್ಧ ಕೆ.ಜಿ. ಕೃಷಿ ವಿಜ್ಞಾನ ಕೇಂದ್ರಕ್ಕೆ ಕೊಡಿ. ತಿಪ್ಪೆ ಇದ್ದ ಜಾಗ, ಬದು, ಮರದ ಬುಡದ ಮಣ್ಣು ಸೇರಿಸಬೇಡಿ.

ಊಟದ ಲೆಕ್ಕ ಹೀಗೆ. ಒಬ್ಬರಿಗೆ ದಿನಕ್ಕೆ 400 ಗ್ರಾಂ ಧಾನ್ಯದಂತೆ ನಾಲ್ಕು ಜನಕ್ಕೆ ವರ್ಷಕ್ಕೆ ಸುಮಾರು 6 ಕ್ವಿಂಟಾಲ್. ಬೇಳೆ 80 ಗ್ರಾಮಿನಂತೆ 1.2 ಕ್ವಿಂಟಾಲ್. ಎಣ್ಣೆ 25 ಗ್ರಾಮಿನಂತೆ 36 ಕೆ.ಜಿ., ಅದಕ್ಕೆ ಸಿಪ್ಪೆಸಹಿತ ಕಡಲೆಕಾಯಿ ಸುಮಾರು 1.3 ಕ್ವಿಂಟಾಲ್ ಬೇಕು. ಮಳೆಯಾಶ್ರಿತ ರಾಗಿ ಒಳ್ಳೆಯ ವರ್ಷ ಎಕರೆಗೆ 8–10 ಕ್ವಿಂಟಾಲ್ ಬಂದರೂ ಕೆಟ್ಟ ವರ್ಷ ಮೂರಕ್ಕೆ ಇಳಿಯಬಹುದು. ಹಾಗಾಗಿ ಒಂದು ಎಕರೆ ಸಾಕೆಂದು ಕಂಡರೂ ಎರಡು ಎಕರೆ ರಾಗಿಗೇ ಇಡಿ. ಮಿಕ್ಕಿದ್ದು ಮುಂದಿನ ಬರದ ಬುತ್ತಿ. ಚೆನ್ನಾಗಿ ಒಣಗಿಸಿದ ರಾಗಿಗೆ ಹುಳ ಸುಲಭವಾಗಿ ಹತ್ತುವುದಿಲ್ಲ. ನಮ್ಮ ಹಿರಿಯರು ಹಗೇವಿನಲ್ಲಿ (ನೆಲದೊಳಗಿನ ಕಣಜ) ವರ್ಷಗಟ್ಟಲೆ ಇಟ್ಟು ಉಂಡದ್ದು ಅದಕ್ಕೇ. ಹಲ್ಲಿನಲ್ಲಿ ಕಡಿದಾಗ ಕಟಕ್ಕೆನ್ನಬೇಕು, ಚಪ್ಪಟೆಯಾದರೆ ಇನ್ನೂ ಎರಡು ಬಿಸಿಲು ಕಾಣಿಸಿ. ತೊಗರಿ, ಅವರೆಗೆ ಮಾತ್ರ ಕೆಮ್ಮಣ್ಣು ಕಟ್ಟಿ ಒಣಗಿಸದಿದ್ದರೆ ನಾಲ್ಕೇ ತಿಂಗಳಲ್ಲಿ ಕಾಳೆಲ್ಲ ತೂತು.

ತಾಲ್ಲೂಕಿನಲ್ಲಿ ಏನು ಬೆಳೆಯುತ್ತದೆಂದು ತಿಳಿಯಲು ಮೇ ತಿಂಗಳ ವಾರದ ಸಂತೆಯಷ್ಟು ನಂಬುವ ಸಾಕ್ಷಿ ಬೇರೆ ಇಲ್ಲ. ಪ್ರತಿ ಗುಡ್ಡೆಯ ಮುಂದೆ ನಿಂತು “ಎಲ್ಲಿಯದು?” ಎಂದು ಕೇಳುತ್ತಾ ಹೋಗಿ. ಸೊಪ್ಪು, ಬದನೆ, ಹುರುಳಿಕಾಯಿ ಅಕ್ಕಪಕ್ಕದ ಊರಿನದಾದರೆ ಬೇಸಿಗೆಯಲ್ಲೂ ನೀರಿದೆ, ಬೆಳೆಯುವ ಕೈಗಳೂ ಇವೆ. ಎಲ್ಲವೂ ಲಾರಿಯಲ್ಲಿ ಬಂದದ್ದಾದರೆ ಲಾರಿ ನಿಂತ ದಿನ ಆ ತಾಲ್ಲೂಕಿಗೆ ತರಕಾರಿ ಇಲ್ಲ. ಹಾಗೆಯೇ ಊರ ಹಾಲಿನ ಡೇರಿಗೆ ಮೇ ತಿಂಗಳಲ್ಲಿ ಎಷ್ಟು ಹಾಲು ಬರುತ್ತದೆ, ಅಕ್ಟೋಬರಿನಲ್ಲಿ ಎಷ್ಟು ಎಂದು ವಿಚಾರಿಸಿ. ಬೇಸಿಗೆಯಲ್ಲಿ ಅರ್ಧಕ್ಕೆ ಇಳಿದರೆ ಮೇವು ಮುಗಿದಿದೆ ಎಂದೇ ತಿಳಿಯಿರಿ.

ಕರೆಂಟು, ಉರುವಲು, ಆಸ್ಪತ್ರೆ

ಪಂಪ್‌ಸೆಟ್ಟಿಗೆ ತ್ರೀಫೇಸ್ ದಿನಕ್ಕೆ ಏಳು ಗಂಟೆ ಎಂಬುದು ರಾಜ್ಯದ ನೀತಿ, ಅದೂ ಪಾಳಿಯಲ್ಲಿ, ಎಷ್ಟೋ ಕಡೆ ರಾತ್ರಿ. ಮನೆಗೆ ದೀಪ, ಮೂರು ಫ್ಯಾನು, ಒಂದು ಫ್ರಿಜ್ಜು ಸೇರಿ ದಿನಕ್ಕೆ ಎರಡೂವರೆ ಮೂರು ಯೂನಿಟ್. ಬಯಲುಸೀಮೆಯಲ್ಲಿ ಒಂದು ಕಿಲೋವ್ಯಾಟ್ ಸೌರ ಫಲಕ ನಾಲ್ಕು ಯೂನಿಟ್ ಕೊಡುತ್ತದೆ. ಮಲೆನಾಡಿನ ಜುಲೈನಲ್ಲಿ ಅದರ ಅರ್ಧಕ್ಕಿಂತ ಕಡಿಮೆ ಎಂದು ಹಿಡಿದು ಎರಡು ಕಿಲೋವ್ಯಾಟ್ ಹಾಕಿಸಿ. 12 ವೋಲ್ಟ್ 150 ಎಎಚ್ ಸೀಸದ ಬ್ಯಾಟರಿಯಲ್ಲಿ ಬರೆದಿರುವುದು 1.8 ಯೂನಿಟ್, ಬಾಳಿಕೆ ಬರಬೇಕೆಂದರೆ ಅರ್ಧವಷ್ಟೇ ಬಳಸಬೇಕು. ಎರಡು ಘನ ಮೀಟರ್ ಗೋಬರ್ ಗ್ಯಾಸಿಗೆ ದಿನಕ್ಕೆ 50 ಕೆ.ಜಿ. ಸಗಣಿ, ಅಷ್ಟೇ ನೀರು ಬೇಕು. ನಾಲ್ಕೈದು ದನ ಕಟ್ಟುವ ಮೇವು ಇಲ್ಲದಿದ್ದರೆ ಅದಕ್ಕೆ ಕೈಹಾಕಬೇಡಿ. ಸೌದೆ ಕಡಿಮೆ ಬೇಡುವ ಅಸ್ತ್ರ ಒಲೆ, ಹೊಲದ ಬದುವಿನ ಗ್ಲಿರಿಸಿಡಿಯಾ ಮರದ ಸೌದೆ ಸಾಕು.

ಆಸ್ಪತ್ರೆಯ ದೂರವನ್ನು ಜುಲೈ ರಾತ್ರಿಯ ನಿಮಿಷಗಳಲ್ಲಿ ಅಳೆಯಿರಿ. ಹಾವು ಕಡಿದರೆ ಮೊದಲಿಗೇ 8–10 ವಯಲ್ ಪ್ರತಿವಿಷ ಬೇಕಾಗುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಷ್ಟು ಸಂಗ್ರಹ ಇದೆಯಾ, ರಾತ್ರಿ ವೈದ್ಯರು ಇರುತ್ತಾರಾ, ಇಲ್ಲದಿದ್ದರೆ ತಾಲ್ಲೂಕು ಆಸ್ಪತ್ರೆಗೆ ಎಷ್ಟು ಹೊತ್ತು ಎಂದು ನೇರವಾಗಿ ಹೋಗಿ ಕೇಳಿ. 2024ರಿಂದ ರಾಜ್ಯದಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ವರದಿ ಮಾಡಲೇಬೇಕು, ಹಾಗಾಗಿ ಸಿಬ್ಬಂದಿಗೆ ಲೆಕ್ಕ ಗೊತ್ತಿರುತ್ತದೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಕ್ಕೆ ಈ ಔಷಧ ಕೆಲಸ ಮಾಡುತ್ತದೆ. ಮಲೆನಾಡಿನ ಗುಳಿಮಂಡಲದ ಜಾತಿಗಳಿಗೆ ಇಲ್ಲ. ಮುಕ್ಕಾಲು ಗಂಟೆ ಮೀರುವ ಊರಿನಲ್ಲಿ ಸ್ವಂತ ವಾಹನವಿಲ್ಲದೆ ಇರಬೇಡಿ.

ಕಾಗದ ಪತ್ರ

ಪಹಣಿಯ 3ನೇ ಕಾಲಂನಲ್ಲಿ ವಿಸ್ತೀರ್ಣ ಮತ್ತು ಖರಾಬು (ಸಾಗುವಳಿಗೆ ಬಾರದ ಭಾಗ), 9ರಲ್ಲಿ ಹೆಸರು, 11ರಲ್ಲಿ ಸಾಲ ಮತ್ತು ಹಕ್ಕು ಇರುತ್ತವೆ. ‘ಬ’ ಖರಾಬು ಸಾರ್ವಜನಿಕ ಹಳ್ಳ, ದಾರಿ. ಅದಕ್ಕೆ ದುಡ್ಡು ಕೊಡಬೇಡಿ. 30 ವರ್ಷದ ಋಣಭಾರ ಪತ್ರ, ಮ್ಯುಟೇಶನ್, ಆಕಾರಬಂದ್ (ಸರ್ವೆ ವಿಸ್ತೀರ್ಣದ ದಾಖಲೆ), ತಿಪ್ಪಣಿ (ಅಳತೆಯ ಮೂಲ ನಕ್ಷೆ), ಭಾಗ ಕೊಳ್ಳುವುದಾದರೆ 11-ಇ ನಕ್ಷೆ ಪಡೆಯಿರಿ. ಹೊಲದಲ್ಲಿ ನಿಂತು ದಿಶಾಂಕ್ ಆ್ಯಪ್ ತೆರೆದು ನೀವು ನಿಂತಿರುವುದು ಅದೇ ಸರ್ವೆ ನಂಬರಿನಲ್ಲಾ ನೋಡಿ. ಬಂಡಿದಾರಿ ಗ್ರಾಮ ನಕಾಶೆಯಲ್ಲೇ ಇರಬೇಕು, ಪಕ್ಕದವರ ಒಳ್ಳೆಯತನದ ಮೇಲೆ ನಿಂತ ದಾರಿ ಒಂದು ಜಗಳಕ್ಕೆ ಮುಚ್ಚುತ್ತದೆ. 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ಆದರೆ ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಅನುಮತಿಯಿಲ್ಲದೆ ಕೊಂಡರೆ 1978ರ ಪಿಟಿಸಿಎಲ್ ಕಾಯ್ದೆಯಂತೆ ಆ ಕ್ರಯ ಅನೂರ್ಜಿತ. 2023ರ ತಿದ್ದುಪಡಿಯ ನಂತರ ದೂರು ಕೊಡಲು ಕಾಲಮಿತಿಯೂ ಇಲ್ಲ. ಆ ನೆಲ ಸಿಗಬೇಕಾದ್ದೂ ಅವರಿಗೇ. ಮೂಲ ಮಂಜೂರಾತಿ ಯಾರ ಹೆಸರಿಗಿತ್ತೆಂದು ಹಳೆಯ ಕೈಬರಹದ ಪಹಣಿಯಿಂದಲೇ ನೋಡಿ. ಮಲೆನಾಡಿನಲ್ಲಿ ಜಮೀನು ಸೊಪ್ಪಿನ ಬೆಟ್ಟಕ್ಕೋ ಕಾನಿಗೋ ಸೇರಿದೆಯಾ, ಮೀಸಲು ಅರಣ್ಯ ಮಾಡುವ ಉದ್ದೇಶದ ಸೆಕ್ಷನ್ 4ರ (ಅರಣ್ಯ ಕಾಯ್ದೆ) ಅಧಿಸೂಚನೆ ಇದೆಯಾ ಎಂದು ಅರಣ್ಯ ವಲಯ ಕಚೇರಿಯಲ್ಲಿ ವಿಚಾರಿಸಿ.

ಯುಗಾದಿಯಿಂದ ಯುಗಾದಿಗೆ

ಇಷ್ಟೂ ಜರಡಿ ದಾಟಿದ ಎರಡು ಊರು ಉಳಿದರೆ, ಕೊಳ್ಳುವ ಮೊದಲು ಒಂದರಲ್ಲಿ ಮನೆ ಬಾಡಿಗೆಗೆ ಹಿಡಿದು ಒಂದು ವರ್ಷ ಇರಿ. ಹೊಲ ಗೇಣಿಗೆ ಹಿಡಿಯಬೇಡಿ, ಭೂಸುಧಾರಣಾ ಕಾಯ್ದೆಯಲ್ಲಿ ಅದಕ್ಕೆ ನಿರ್ಬಂಧವಿದೆ. ಹಿತ್ತಿಲಿರುವ ಮನೆ ಸಿಕ್ಕರೆ ಸಾಕು. ಬದಿ ನೇರವಾಗಿರುವ ಡಬ್ಬಿ ಇಟ್ಟು ಮಳೆ ಅಳೆಯಿರಿ, ಕರೆಂಟು ಹೋದ ಗಂಟೆಗಳನ್ನು ಕ್ಯಾಲೆಂಡರಿನಲ್ಲೇ ಬರೆಯಿರಿ. ನಾಟಿ, ಕಳೆ, ಕೊಯ್ಲಿಗೆ ಕರೆದವರ ಹೊಲಕ್ಕೆ ಹೋಗಿ. ಮುಯ್ಯಾಳು ಇನ್ನೂ ಇರುವ ಊರಿನಲ್ಲಿ ನೀವು ಎರಡು ದಿನ ಬೆನ್ನು ಬಗ್ಗಿಸಿದರೆ ನಿಮ್ಮ ಹೊಲಕ್ಕೆ ಎರಡು ದಿನ ಆಳು ಬರುತ್ತಾರೆ. ಕೂಲಿಗೂ ಜನ ಸಿಗದ ಕೊಯ್ಲಿನ ವಾರದಲ್ಲಿ ಐದು ಎಕರೆ ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ.

ವರ್ಷ ತುಂಬಿ ಮನಸ್ಸು ಗಟ್ಟಿಯಾದರೆ ಕ್ರಯದ ಕರಾರನ್ನು ನೋಂದಣಿ ಮಾಡಿಸಿ, ಮುಂಗಡ ಕಡಿಮೆ ಇಡಿ. ಎರಡು ಷರತ್ತು ಬರೆಸಿ: ಸರ್ಕಾರಿ ಸರ್ವೆಯರ್ ಅಳೆದು ಕಲ್ಲು ತೋರಿಸಿದ ವಿಸ್ತೀರ್ಣಕ್ಕಷ್ಟೇ ಬೆಲೆ, ಮತ್ತು ಮೇ ತಿಂಗಳ ಆರನೇ ಗಂಟೆಯ ಡ್ರಮ್ಮಿನ ಅಳತೆ ಮಾತಾಡಿದ್ದಕ್ಕಿಂತ ಕಡಿಮೆ ಬಂದರೆ ಮುಂಗಡ ವಾಪಸ್.